ಜಿಪ್ಪಕ್ಕ ಹೇಳಿದ ಸಿನಿಮಾಗಳು

ಜಿಪ್ ಕಿತ್ತ ಚೀಲ, ಮಂಡಿ ಹರಿದ ಪ್ಯಾಂಟು, ಮೈ ಬೆಳೆದು ಗಿಡ್ಡವಾದ ಮಕ್ಕಳ ಕೋಟು. ಹೊಸದು ಹೊಲಿಸುವುದೊಂದನ್ನು ಬಿಟ್ಟು ಬಟ್ಟೆಯ ಮಿಕ್ಕೆಲ್ಲ ಕಷ್ಟಕ್ಕೂ ಬೀದಿಯವರು ಹೋಗುತ್ತಿದ್ದದ್ದು ಜಿಪ್ಪಕ್ಕನ ಅಂಗಡಿಗೆ. ಸಮವಸ್ತ್ರದ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಬರೀ ಕಾಲರ್ ಹೊಲಿದು, "ಇನ್ನು ಯಾರ ಕತ್ತಿನ ಸಹವಾಸವೂ ಬೇಡ" ಎಂದು ಸ್ವಂತ ಮೆಷಿನ್ ಇಟ್ಟುಕೊಂಡವಳು ಅವಳು. ಅಂಗಡಿಯಲ್ಲಿ ಎರಡು ಕೆಲಸ ನಡೆಯುತ್ತಿತ್ತು. ಒಂದು ರಿಪೇರಿ, ಇನ್ನೊಂದು ಸಿನಿಮಾ ಹೇಳುವುದು.

ಸಿನಿಮಾ ಶುರುವಾದದ್ದು ಆರು ವರ್ಷದ ಹಿಂದೆ, ಪಕ್ಕದ ಡಿವಿಡಿ ಅಂಗಡಿಯವನು ಬಾಗಿಲು ಮುಚ್ಚಿದಾಗ. ಹಾಲಿವುಡ್‌ನದ್ದೆಲ್ಲ ಖರ್ಚಾಗಿ ಒಂದು ಪೆಟ್ಟಿಗೆ ಉಳಿದಿತ್ತು.

"ಇವೆಲ್ಲ ಎಲ್ಲೆಲ್ಲಿಯದೋ ಭಾಷೆಯವು ಅಕ್ಕ. ಪುಕ್ಕಟೆ ಕೊಟ್ರೂ ಯಾರೂ ಒಯ್ಯಲ್ಲ. ಬೇಕಾದ್ರೆ ಇಟ್ಕೊಳ್ಳಿ, ಇಲ್ಲಾಂದ್ರೆ ಕಸಕ್ಕೆ."

ಕಸಕ್ಕೆ ಹಾಕುವ ಮೊದಲು ಒಂದನ್ನು ಹಾಕಿ ನೋಡಿದಳು. ಅಷ್ಟೇ, ಅಂಟಿಕೊಂಡಿತು. ಹಾಲಿವುಡ್‌ನದ್ದನ್ನು ಅವಳು ಟಿವಿಯಲ್ಲಿ ಕಂಡಿದ್ದಳು. "ಅಲ್ಲಿ ಆರನೇ ಮಹಡಿಯಿಂದ ಬಿದ್ದರೂ ಒಂದು ಗುಂಡಿ ಕಿತ್ತು ಹೋಗಲ್ಲ" ಎನ್ನುವುದು ಅವಳ ದೂರು. ಈ ಪೆಟ್ಟಿಗೆಯ ಸಿನಿಮಾಗಳಲ್ಲಿ ಜನ ಮೊದಲಿಂದ ಕೊನೆಯವರೆಗೂ ಒಂದೇ ಸ್ವೆಟರಿನಲ್ಲಿ ಇರುತ್ತಿದ್ದರು. ಮೊಣಕೈಯಲ್ಲಿ ಎಳೆ ಬಿಟ್ಟಿರುತ್ತಿತ್ತು. ಕುರ್ಚಿಯಿಂದ ಎದ್ದರೆ ಪ್ಯಾಂಟಿನ ಹಿಂದೆ ಸುಕ್ಕು ಕಾಣುತ್ತಿತ್ತು. "ಇವರ ಬಟ್ಟೆಗೆ ಮೈ ಗೊತ್ತು" ಎಂದಳು.

ಕಷ್ಟ ಅಂದರೆ ಭಾಷೆ. ಕೆಳಗೆ ಮಾತುಗಳು ಇಂಗ್ಲಿಷಿನಲ್ಲಿ ಬರುತ್ತಿದ್ದವು. ಅವಳಿಗೋ ಕನ್ನಡವನ್ನೇ ಬೆರಳಿಟ್ಟು ಓದಬೇಕು. ಆದರೆ ಗೋದಾಮಿನ ಸ್ಟೋರ್‌ಕೀಪರ್ ಆಗಿದ್ದ ಗಂಡ, ಮದುವೆಗೆ ಮುಂಚೆಯೇ "ಇಂಗ್ಲಿಷ್ ಓದ್ತೀನಿ" ಎಂದಿದ್ದವನು. ಹಾಗಾಗಿ ಪ್ರತಿ ಭಾನುವಾರ ಊಟವಾದ ಮೇಲೆ ಅವಳು ಹೊಲಿಗೆ ಬಿಚ್ಚುವ ಬಟ್ಟೆ ತೊಡೆಯ ಮೇಲಿಟ್ಟುಕೊಂಡು ಕೂರುವುದು, ಅವನು ಪಕ್ಕದಲ್ಲಿ ಓದಿ ಹೇಳುವುದು.

"ನಾಳೆ ಬರ್ತೀನಿ ಅಂತಾನೆ. ಅವಳು, ಬಂದ್ರೆ ಬಾ, ಬಿಟ್ರೆ ಬಿಡು ಅಂತಿದ್ದಾಳೆ."

"ಸರಿಯಾಗಿ ಹೇಳಿದ್ಲು!" ಎಂದು ಅವಳು ನಗುವುದು.

ಸೋಮವಾರ ಆ ಕಥೆ ಗಿರಾಕಿಗಳಿಗೆ. ರಿಪೇರಿಯಾದ ಬಟ್ಟೆಯ ಜೊತೆ ಡಿಸ್ಕನ್ನೂ ಚೀಲಕ್ಕೆ ಹಾಕಿಕೊಡುತ್ತಿದ್ದಳು. ವಾರದಲ್ಲಿ ವಾಪಸ್ ಬರುತ್ತಿತ್ತು, "ತುಂಬಾ ಚೆನ್ನಾಗಿತ್ತು" ಎಂಬ ಮಾತಿನೊಂದಿಗೆ. ಹೈಸ್ಕೂಲಿನ ಟೀಚರಮ್ಮ ಅಂತೂ, "ನೀವು ಹೇಳಿದ್ಮೇಲೆ ಮುಗೀತು ಜಿಪ್ಪಕ್ಕ, ನೋಡ್ಲೇಬೇಕು" ಎನ್ನುತ್ತಿದ್ದರು. ಅಳತೆಯ ವಿಷಯ ಬಿಟ್ಟು ಬೇರೆ ಯಾವುದಕ್ಕೂ ಅದುವರೆಗೆ ಯಾರೂ ಜಿಪ್ಪಕ್ಕನ ಮಾತು ಕೇಳಿದ್ದಿಲ್ಲ. ಅಂಥ ಒಂದು ಮಾತು ಬಂದ ದಿನ ಅವಳ ಮೆಷಿನ್ನಿನ ಸದ್ದೇ ಬೇರೆ ಇರುತ್ತಿತ್ತು.

ಒಂದು ಸಿನಿಮಾದ ವಿಷಯದಲ್ಲಿ ಮಾತ್ರ ಗಂಡ ಹೆಂಡತಿಗೆ ಜಗಳವಾಯಿತು. ಉದ್ದ ಕೋಟಿನವನೊಬ್ಬ ಕಾಯಿಲೆಯವರ ಮನೆಗಳಿಗೆ ಹೋಗುತ್ತಾನೆ.

"ರೀ, ಆ ಕೋಟು ಅವನದ್ದಲ್ಲ. ಭುಜ ಎರಡಿಂಚು ಇಳಿದಿದೆ ನೋಡಿ."

"ಡಾಕ್ಟರು ಕಣೇ. ಊಟ ತಿಂಡಿ ಬಿಟ್ಟು ಸೊರಗಿದ್ದಾನೆ."

"ಸೊರಗಿದ್ರೆ ಹೊಟ್ಟೆ ಕರಗುತ್ತೆ. ತೋಳಿನ ಉದ್ದವೂ ಕಮ್ಮಿಯಾಗುತ್ತಾ?"

"ಓದ್ತಿರೋನು ನಾನೋ ನೀನೋ?"

ಅವಳು ಮತ್ತೆ ತೊಡೆಯ ಮೇಲಿನ ಹೊಲಿಗೆ ಬಿಚ್ಚತೊಡಗಿದಳು.

ಮೇಲಿನ ಮನೆಗೆ ಹೊಸದಾಗಿ ಬಂದ ಹುಡುಗಿ, ಎಳೆ ಮಗುವಿನ ತಾಯಿ, ಕೋಟಿನ ತೋಳು ಇಳಿಸಲು ಬಂದಾಗ ಜಿಪ್ಪಕ್ಕ ಕೊಟ್ಟದ್ದು ಅದೇ ಡಿಸ್ಕು. "ಒಳ್ಳೆ ಡಾಕ್ಟರ್ ಕಥೆ. ಅದ್ರಲ್ಲಿ ಬರೋ ಹುಡುಗಿಯನ್ನ ಕೊನೆಗೆ ಮದುವೆಯಾಗ್ತಾನೆ." ನಾಲ್ಕನೇ ದಿನ ಅವಳು ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಬಂದಳು.

"ಅಕ್ಕ, ಇವನು ಮಧ್ಯಾಹ್ನ ಮಲಗಿದಾಗ ಸದ್ದು ಪೂರಾ ಬಂದ್ ಮಾಡಿ ನೋಡ್ದೆ. ಮಾತೆಲ್ಲ ಕೆಳಗೆ ಬರುತ್ತಲ್ಲ, ಮಗು ಇರೋರಿಗೆ ಇದಕ್ಕಿಂತ ಅನುಕೂಲ ಇನ್ನೇನಿದೆ! ಆದ್ರೆ ಡಾಕ್ಟರ್ ಎಲ್ಲಿದ್ದಾನೆ ಅದ್ರಲ್ಲಿ? ಅವನು ಕಳ್ಳ. ಸತ್ತ ಡಾಕ್ಟರ ಕೋಟು ಕದ್ದು ಹಾಕ್ಕೊಂಡು ಮನೆಮನೆ ತಿರುಗ್ತಾನೆ."

ಮೆಷಿನ್ ತುಳಿಯುತ್ತಿದ್ದ ಕಾಲು ನಿಂತಿತು. "ಮತ್ತೆ ಆ ಹುಡುಗಿ? ಮದುವೆ?"

"ಶಿವನೇ! ಅವಳು ಅವನ ಮಗಳು ಅಕ್ಕ!"

ಹುಡುಗಿ ನಕ್ಕಳು. ಜಿಪ್ಪಕ್ಕ ನಗಲಿಲ್ಲ. ಅವಳ ಕಣ್ಣು ಸರಿಯಾಗಿಯೇ ಹೇಳಿತ್ತು. ಅವಳು ತನ್ನ ಕಣ್ಣನ್ನು ಬಿಟ್ಟು ಗಂಡನ ಬಾಯಿಯನ್ನು ನಂಬಿದ್ದಳು.

ಸಂಜೆ ಅವನು ಚಪ್ಪಲಿ ಬಿಡುತ್ತಿದ್ದಂತೆ ಡಿಸ್ಕಿನ ಡಬ್ಬಿ ಮುಂದೆ ಹಿಡಿದಳು. "ಇದರ ಹಿಂದೆ ಬರೆದಿರೋದು ಓದಿ."

ಹತ್ತಿರ ಹಿಡಿದ, ದೂರ ಹಿಡಿದ. "ಕನ್ನಡಕ ಎಲ್ಲಿಟ್ಟೆ..."

"ಮೂಗಿನ ಮೇಲಿದೆ."

ಅವನಿಗೆ ಬರುತ್ತಿದ್ದದ್ದು ಗೋದಾಮಿನ ಇಂಗ್ಲಿಷು. ಒಡೆಯುವ ಸಾಮಾನು, ಈ ಬದಿ ಮೇಲೆ, ನೀರು ತಾಗಿಸಬಾರದು. ಅದರಾಚೆಗೆ ಒಂದೊಂದೇ ಅಕ್ಷರ ಕೂಡಿಸಬೇಕು.

"ಮೊದಲನೇ ದಿನ ನಾನು ಒಂದು ಸಾಲು ಕೂಡಿಸೋಷ್ಟರಲ್ಲಿ ಹತ್ತು ಸಾಲು ಓಡಿಹೋಯ್ತು ಕಣೇ. ನೀನು ನನ್ನ ಮುಖ ನೋಡ್ಕೊಂಡು ಕೂತಿದ್ದೆ. ಏನೋ ಒಂದು ಹೇಳ್ದೆ. ನೀನು ನಕ್ಕೆ. ಆಮೇಲೆ ನಿಲ್ಲಿಸೋಕೆ ಮನಸ್ಸು ಬರಲಿಲ್ಲ."

"ಆರು ವರ್ಷ ನನ್ನ ಕಿವಿಗೆ ಹೂ ಇಟ್ರಿ."

"ಇಟ್ಟೆ, ತಪ್ಪಾಯ್ತು. ಆದ್ರೆ ಆರು ವರ್ಷದಲ್ಲಿ ಒಬ್ಬರಾದ್ರೂ ಬಂದು, ಕಥೆ ಹಂಗಲ್ಲ ಹಿಂಗೆ ಅಂದ್ರಾ? ನೋಡಿದ್ರೆ ತಾನೆ ಅನ್ನೋದು!"

ಆಡಿದ ಮೇಲೆ ಅವನಿಗೇ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಗಂಡನ ಸುಳ್ಳಿಗೆ ಅವಳು ಕೂಗಾಡಬಹುದಿತ್ತು. ಈ ಮಾತಿಗೆ ಅವಳಲ್ಲಿ ಕೂಗೂ ಇರಲಿಲ್ಲ. ಔಷಧಿ ಅಂಗಡಿಯವರು, ಬಸ್ಸಿನ ಡ್ರೈವರು, ಟೀಚರಮ್ಮ... ಒಂದೊಂದೇ ಮುಖ, ಒಂದೊಂದೇ "ತುಂಬಾ ಚೆನ್ನಾಗಿತ್ತು" ಕಣ್ಣ ಮುಂದೆ ಹಾದುಹೋಯಿತು. ಟೀಚರಮ್ಮ ಹಾಗಲ್ಲ, ಅವರು ನೋಡಿಯೇ ಇರುತ್ತಾರೆ, ಹೇಳಲು ಸಂಕೋಚಪಟ್ಟಿರುತ್ತಾರೆ ಎಂದುಕೊಂಡಳು.

ಸೋಮವಾರ ಟೀಚರಮ್ಮನ ಕೋಟಿನ ಜೊತೆ ಒಂದು ಡಬ್ಬಿ ಹಾಕಿದಳು. ಒಳಗೆ ಡಿಸ್ಕು ಇರಲಿಲ್ಲ.

"ಕೊನೇಲಿ ಅಳು ತಡೆಯೋಕಾಗಲ್ಲ ಟೀಚರಮ್ಮ."

"ಹೌದಾ? ಕೊಡಿ ಕೊಡಿ."

ಆ ವಾರವೆಲ್ಲ ಬಾಗಿಲು ಕಿರುಗುಟ್ಟಿದಾಗಲೆಲ್ಲ ಜಿಪ್ಪಕ್ಕ ತಲೆಯೆತ್ತಿದಳು. 'ಏನ್ರೀ ಜಿಪ್ಪಕ್ಕ, ಖಾಲಿ ಡಬ್ಬಿ ಕೊಟ್ಟಿದ್ದೀರಲ್ಲ, ತಲೆ ನೆಟ್ಟಗಿದೆಯಾ?' ಎಂದು ಬೈಸಿಕೊಳ್ಳಲು ಅಷ್ಟು ಆಸೆಯಿಂದ ಅವಳು ಯಾವತ್ತೂ ಕಾದಿರಲಿಲ್ಲ. ಟೀಚರಮ್ಮ ಬಂದದ್ದು ಶುಕ್ರವಾರ.

"ಅಯ್ಯೋ ಜಿಪ್ಪಕ್ಕ, ಕೊನೇಲಿ ಕರ್ಚೀಫು ಪೂರಾ ಒದ್ದೆ!"

ಜಿಪ್ಪಕ್ಕ ಡಬ್ಬಿಯನ್ನು ಕತ್ತರಿಸುವ ಮೇಜಿನ ಮೇಲಿಟ್ಟು ತೆರೆದಳು. ಟೀಚರಮ್ಮನ ಮುಖದ ಬಣ್ಣ ಇಳಿಯಿತು.

"ನಿಮ್ಮ ಮನಸ್ಸು ನೋಯಿಸೋದು ಬೇಡ ಅಂತ... ಪಾಪ, ಅಷ್ಟು ಪ್ರೀತಿಯಿಂದ ಕೊಡ್ತಿದ್ರಿ."

"ಹೊಲಿಗೆ ಬಿಟ್ಟಿದ್ರೆ ಅರ್ಧ ದಾರಿಯಿಂದ ವಾಪಸ್ ಬಂದು ಬೈತಿದ್ರಿ. ನನ್ನ ಮನಸ್ಸು ಆವಾಗ ನೋಯ್ತಿರಲಿಲ್ವಾ?"

ಟೀಚರಮ್ಮ ಪರ್ಸ್ ತೆರೆದು, ಏನೂ ತೆಗೆಯದೆ ಮುಚ್ಚಿ, ಹೋದರು.

ಅಂದಿನಿಂದ ಚೀಲಗಳಲ್ಲಿ ಬಟ್ಟೆ ಮಾತ್ರ. ಎರಡು ವಾರ ಒಬ್ಬಿಬ್ಬರು "ಈ ಸಲ ಸಿನಿಮಾ ಇಲ್ವಾ?" ಎಂದರು. ಮೂರನೇ ವಾರ ಯಾರೂ ಕೇಳಲಿಲ್ಲ. ಗಿರಾಕಿಗಳ ಮುಖದಲ್ಲಿ ಹಗುರಾದ ಭಾವ ಕಂಡದ್ದು ಅವಳಿಗೆ ಚುಚ್ಚಿತು. ಮೇಲಿನ ಮನೆಯ ಹುಡುಗಿ ಮಾತ್ರ, "ಇವನು ಮಲಗಿದಾಗ ಬನ್ನಿ ಅಕ್ಕ, ನಾನು ನಿಜವಾಗ್ಲೂ ಓದಿ ಹೇಳ್ತೀನಿ" ಎಂದಳು.

"ನೀನು ನೋಡಿದೆಯಲ್ಲ ಮಗಳೇ, ಅದು ಸಾಕು. ಸದ್ಯಕ್ಕೆ ಯಾರ ಬಾಯಿಂದಲೂ ಬೇಡ."

ಭಾನುವಾರ ಊಟವಾದ ಮೇಲೆ ಜಿಪ್ಪಕ್ಕ ತಾನೇ ಒಂದು ಡಿಸ್ಕು ಹಾಕಿ ಕೂತಳು. ಗಂಡ ಸೋಫಾದ ಆ ತುದಿಯಲ್ಲಿ ಕೂತ. ಅಭ್ಯಾಸ ಬಲದಿಂದ "ಅವಳು ಏನಂತಾಳೆ ಅಂದ್ರೆ..." ಎಂದು ಶುರುಮಾಡಿದವನು ಅವಳು ತಿರುಗಿ ನೋಡಿದ್ದೇ ಬಾಯಿ ಮುಚ್ಚಿದ. ಇಬ್ಬರಿಗೂ ಗೊತ್ತಿಲ್ಲದ ಭಾಷೆಯಲ್ಲಿ ಒಂದು ಮನೆಯವರು ಮಾತಾಡಿಕೊಂಡರು, ಉಂಡರು, ಬಾಗಿಲು ಹಾಕಿಕೊಂಡರು. ಆಮೇಲೆ ಹೆಂಗಸೊಬ್ಬಳು ಕಪಾಟು ತೆರೆದು ಗಂಡಸಿನ ಅಂಗಿಯೊಂದನ್ನು ತೆಗೆದಳು. ಕತ್ತಿನಿಂದ ಕೆಳಗಿನವರೆಗೆ ಒಂದೂ ಬಿಡದೆ ಗುಂಡಿ ಹಾಕಿ, ಮತ್ತೆ ತೂಗುಹಾಕಿ, ಅಳತೊಡಗಿದಳು.

"ಏನಾಯ್ತೇ?" ಗಂಡ ಮೆಲ್ಲಗೆ ಕೇಳಿದ. "ಯಾಕೆ ಅಳ್ತಿದ್ದಾಳೆ?"

ಆ ಅಂಗಿಯವನು ಇನ್ನು ಬರುವುದಿಲ್ಲ ಎಂದು ಜಿಪ್ಪಕ್ಕನಿಗೆ ಗೊತ್ತಾಗಿತ್ತು. ನಾಳೆ ಹಾಕಿಕೊಳ್ಳುವವನ ಅಂಗಿಗೆ ಯಾರೂ ಕತ್ತಿನ ಗುಂಡಿ ಹಾಕಿಡುವುದಿಲ್ಲ.

"ನೀವೇ ನೋಡ್ಕೊಳ್ಳಿ" ಎಂದಳು.