ಬಲಗೈಯ ಬಳೆ

ಹತ್ತನೇ ತರಗತಿ ಮುಗಿದ ಬೇಸಿಗೆಯಲ್ಲಿ ನನ್ನ ಗೆಳತಿಯ ಮೈಮೇಲೆ ದೆವ್ವ ಬರುವುದೆಂದು ನಿಶ್ಚಯವಾಯಿತು. ನಿಶ್ಚಯ ಮಾಡಿದವಳು ಅವಳೇ.

ಕಂಪ್ಲಿಯಲ್ಲಿ ನಮ್ಮಿಬ್ಬರದೂ ಒಂದೇ ಓಣಿ. ಹೊಸಪೇಟೆಯ ಕಾಲೇಜಿಗೆ ಒಂದೇ ಬಸ್ಸಿನಲ್ಲಿ ಹೋಗುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಅವಳ ಅಪ್ಪ ಕುರೆಕುಪ್ಪದಲ್ಲಿ ಒಂದು ಗಂಡು ನೋಡಿ ಬಂದ. ಮಕ್ಕಳ ಸಹಾಯವಾಣಿಗೆ ಫೋನ್ ಮಾಡೋಣ ಎಂದೆ. ಅಪ್ಪನನ್ನು ಪೊಲೀಸರು ಕರೆದುಕೊಂಡು ಹೋದರೆ ತಮ್ಮಂದಿರು ಯಾರ ಮುಖ ನೋಡಬೇಕು ಎಂದು ಅವಳು ನನ್ನ ಬಾಯಿ ಮುಚ್ಚಿಸಿದಳು. ಅವಳ ಹತ್ತಿರ ಬೇರೆ ಉಪಾಯವಿತ್ತು.

ಅವಳ ಅಪ್ಪನ ತಂಗಿ, ಇವಳು ಹುಟ್ಟುವ ಮುಂಚೆಯೇ, ಮದುವೆಯ ಮುನ್ನಾದಿನ ಕಾಲುವೆಗೆ ಬಿದ್ದು ಸತ್ತಿದ್ದಳು. ಆ ಅತ್ತೆಯ ಹೆಸರಿನಲ್ಲಿ ಪ್ರತಿ ಅಮಾವಾಸ್ಯೆಗೆ ಸೀರೆ, ಹೂವು, ಹಸಿರು ಬಳೆ ಇಟ್ಟು ಎಡೆ ಇಡುತ್ತಿದ್ದರು. ಸತ್ತ ಮಗಳು ಯಾರ ಮೈಮೇಲಾದರೂ ಬಂದು ಏನು ಕೇಳಿದರೂ ಅಜ್ಜಿ ಇಲ್ಲ ಅನ್ನುತ್ತಿರಲಿಲ್ಲ. ಒಮ್ಮೆ ಗೆಳತಿಯ ದೊಡ್ಡಮ್ಮನ ಮೈಮೇಲೆ ಬಂದು ಹೇಳಿದಳೆಂದು ಅಜ್ಜಿ ಹಿತ್ತಲ ಬಾಗಿಲನ್ನೇ ಮುಚ್ಚಿಸಿದ್ದಳು. ಅದೇ ಅತ್ತೆ ಬಂದು ಹುಡುಗಿ ಓದಲಿ ಎಂದರೆ ಮದುವೆ ನಿಂತ ಹಾಗೆಯೇ. ಕಬ್ಬಿನ ಗದ್ದೆಯ ಬದುವಿನ ಮೇಲೆ ಕೂತು ತಾಲೀಮು ಮಾಡಿದೆವು. ಅವಳು ಕಣ್ಣು ಮೇಲೆ ಮಾಡಿ ತೂಗಾಡಿದರೆ ನನಗೆ ನಗು ತಡೆಯಲಾಗುತ್ತಿರಲಿಲ್ಲ. ನಿನ್ನನ್ನು ನೋಡಿದರೆ ನಿಜವಾದ ದೆವ್ವ ಓಡಿಹೋಗುತ್ತದೆ ಎಂದು ರೇಗಿಸಿದೆ.

ಅಮಾವಾಸ್ಯೆಯ ಮಧ್ಯಾಹ್ನ ಎಡೆಯ ಮುಂದೆ ಅವಳು ತೂಗತೊಡಗಿದಳು. ಪಕ್ಕದಲ್ಲಿದ್ದ ನಾನು ನಗು ಬಾರದಿರಲೆಂದು ವೇಲನ್ನು ಬಾಯಿಗೆ ಒತ್ತಿಕೊಂಡೆ. ಅಜ್ಜಿ ಎದುರು ಬಂದು ಕೂತು, ಏನು ಬೇಕು ಮಗಳೇ ಎಂದು ಕೇಳಿದಳು.

ತೂಗುವುದು ನಿಂತಿತು. ಕಲಿತ ಮಾತು ಬರಲಿಲ್ಲ. ಅವಳು ಬಲಗೈ ಚಾಚಿದಳು.

“ಎಡಗೈಗೆ ಬಳಿ ಹಾಕಿಸಿದ್ದಿ. ಬಲಗೈ ಹಂಗ ಉಳೀತು ಯವ್ವ.”

ದನಿ ಅವಳದಾಗಿರಲಿಲ್ಲ. ಅಜ್ಜಿ ಎದೆ ಬಡಿದುಕೊಂಡು ಅತ್ತಳು. ಬಳೆಗಾರ ಎಡಗೈ ಮುಗಿಸಿ, ಬಲಗೈಗೆ ಅಳತೆಯ ಬಳೆ ಸಾಲದೆ ತರಲು ಹೋಗಿದ್ದನಂತೆ. ಅಷ್ಟರಲ್ಲೇ ಮಗಳು ಕಾಲುವೆಗೆ ಹೋಗಿದ್ದಳಂತೆ. ಆ ಮಾತನ್ನು ಆ ಮನೆಯಲ್ಲಿ ಯಾರೂ ಎಂದೂ ಎತ್ತಿರಲಿಲ್ಲ. ನಾವು ಕೇಳಿದ್ದು ಆಗಲೇ.

“ಈಕಿ ಮದುವಿ ಮಾಡ್ರಿ. ಈಕಿ ಕೈಯಾಗ ನಾ ಬಳಿ ಇಟ್ಗೊತೀನಿ.”

ಇದೆಲ್ಲ ನಾಟಕ, ನಾವೇ ಮಾಡಿದ್ದು ಎಂದು ನಾನು ಹೇಳಿದೆ. ಅವಳ ಅಪ್ಪನ ಅಂಗಿ ಹಿಡಿದು ಹೇಳಿದೆ. ಹಾಗಾದರೆ ಬಳೆಯ ಸಂಗತಿ ಇವಳಿಗೆ ಹೇಗೆ ಗೊತ್ತು ಎಂದು ಅವನು ಕೇಳಿದ. ಆ ಸತ್ತವಳ ಮೇಲೆ ಆಗ ಹುಟ್ಟಿದ ಸಿಟ್ಟು ಇವತ್ತಿಗೂ ಹಾಗೇ ಇದೆ. ಗೆಳತಿಯ ಕೈ ಹಿಡಿದು ಅಲುಗಾಡಿಸಿದೆ. ಉರಿಬಿಸಿಲಿನ ಹೊತ್ತಿನಲ್ಲೂ ಅದು ತಣ್ಣಗಿತ್ತು.

ಸ್ವಲ್ಪ ಹೊತ್ತಿಗೆ ಅವಳು ಕಣ್ಣು ಬಿಟ್ಟಳು. ಅಜ್ಜಿ ಅಳುತ್ತಲೇ, ಎಡೆಗಿಟ್ಟಿದ್ದ ಹಸಿರು ಬಳೆಗಳನ್ನು ಅವಳ ಬಲಗೈಗೆ ಏರಿಸುತ್ತಿದ್ದಳು. ಅದನ್ನು ಕಂಡು ಅವಳ ಮುಖ ಅರಳಿತು. ಇನ್ನೊಂದು ಕೈಯಿಂದ ನನ್ನನ್ನು ಹತ್ತಿರ ಎಳೆದುಕೊಂಡು ಕಿವಿಯಲ್ಲಿ ಕೇಳಿದಳು.

“ಮಸ್ತ್ ಮಾಡಿದ್ನಿಲ್ಲಲೇ? ಓದಾಕ ಒಪ್ಪಿದ್ರೇನು?”