ಎತ್ತಿಕೊಡದೆ ಉಳಿದ ಮಾತು

ಸುನಂದಾ, ಬೀಡಿ ಊರಿನ ಆ ವಾಡೆಯಲ್ಲಿ ನಾನು ಮಾತು ಮರೆತಿರಲಿಲ್ಲ. ನಿನ್ನ ಅಪ್ಪ ಹಾಗೆಂದು ನಂಬಿಕೊಂಡೇ ತೀರಿಹೋದರು. ನೀನೂ ಹಾಗೇ ನಂಬಿದ್ದೀ. ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು, ಬರೆದ ಹಾಳೆ ಕೈಯಲ್ಲೇ ಇತ್ತು. ನಾನು ಬೇಕೆಂದೇ ಬಾಯಿ ಮುಚ್ಚಿ ಕುಳಿತೆ. ಯಾಕೆ ಎಂದು ಕೇಳಿದರೆ — ಏನಾಗುತ್ತದೋ ನೋಡೋಣ ಅನ್ನಿಸಿತು. ಇದಕ್ಕಿಂತ ದೊಡ್ಡ ಕಾರಣವನ್ನು ಎರಡು ವರ್ಷದಿಂದ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ.

ನನ್ನ ಕೆಲಸ ನಿನಗೆ ಅರ್ಧ ಮಾತ್ರ ಗೊತ್ತು, ಆದ್ದರಿಂದ ಉಳಿದರ್ಧ ಹೇಳಿಬಿಡುತ್ತೇನೆ. ನಿನ್ನ ಅಪ್ಪ, ನಟ ಪರಪ್ಪ, ಎಂದರೆ ಸಿನಿಮಾ ನೋಡುವವರಿಗೆಲ್ಲ ಗೊತ್ತು. ಅವರ ಪ್ರಾಂಪ್ಟರ್ ರುದ್ರಪ್ಪ, ಅಂದರೆ ನಾನು, ಯಾರಿಗೂ ಗೊತ್ತಿಲ್ಲ, ಗೊತ್ತಾಗಲೂಬಾರದು. ನಾಟಕ ಕಂಪನಿಯಲ್ಲಿ ಮೂವತ್ತು ವರ್ಷ ಪರದೆಯ ಬದಿಯಲ್ಲಿ ಕುಳಿತು ಅವರಿಗೆ ಮಾತು ಎತ್ತಿಕೊಟ್ಟೆ. ಇಡೀ ಮಾತಲ್ಲ, ಮೊದಲ ಎರಡು ಶಬ್ದ. ಅಷ್ಟು ಕಿವಿಗೆ ಬಿದ್ದರೆ ಸಾಕು, ಉಳಿದದ್ದು ಅವರ ಬಾಯಿಂದ ತಾನಾಗಿ ಬರುತ್ತಿತ್ತು. ಅದು ಮರೆವಲ್ಲ, ಕಂಪನಿಯ ರೂಢಿ; ದಿನಕ್ಕೊಂದು ನಾಟಕ ಆಡುವವರು ಎಲ್ಲವನ್ನೂ ತಲೆಯಲ್ಲಿ ಹೊತ್ತುಕೊಂಡು ತಿರುಗುವುದಿಲ್ಲ. ಕಂಪನಿ ಮುಚ್ಚಿತು, ಅವರು ಸಿನಿಮಾಕ್ಕೆ ಹೋದರು — ರೂಢಿಯನ್ನೂ ಬಿಡಲಿಲ್ಲ, ನನ್ನನ್ನೂ ಬಿಡಲಿಲ್ಲ. ಸೆಟ್ಟಿನಲ್ಲಿ ಯಾರಾದರೂ ಕೇಳಿದರೆ "ನಮ್ಮ ಕಡೆಯಾಂವ, ನನ್ನ ಗುಳಿಗಿ ನೋಡ್ಕೋತಾನ" ಅನ್ನುತ್ತಿದ್ದರು. ಕದದ ಹಿಂದೆ, ಮಂಚದ ಹಿಂದೆ, ಒಮ್ಮೆ ಎತ್ತಿನ ಗಾಡಿಯ ಕೆಳಗೆ — ಕ್ಯಾಮೆರಾಕ್ಕೆ ಕಾಣದ ಜಾಗವೆಲ್ಲ ನನ್ನದು. ಧ್ವನಿಯನ್ನು ಆಮೇಲೆ ಸ್ಟುಡಿಯೋದಲ್ಲಿ ಮತ್ತೆ ಕೂಡಿಸುತ್ತಾರಲ್ಲ, ನನ್ನ ಪಿಸುಮಾತು ಅಲ್ಲೇ ಸತ್ತುಹೋಗುತ್ತಿತ್ತು.

ಈ ಕೆಲಸದಲ್ಲಿ ಕಲಿಯಬೇಕಾದದ್ದು ಒಂದೇ. ನಟ ಸುಮ್ಮನೆ ನಿಂತಾಗ ಅವನು ಬೇಕೆಂದೇ ತಡೆದು ನಿಂತಿದ್ದಾನೋ, ಮಾತು ತಪ್ಪಿ ನಿಂತಿದ್ದಾನೋ ತಿಳಿಯಬೇಕು. ಬೇಕೆಂದೇ ನಿಂತವನಿಗೆ ಮಾತು ಎತ್ತಿಕೊಟ್ಟರೆ ಅವಮಾನ. ತಪ್ಪಿ ನಿಂತವನಿಗೆ ಕೊಡದಿದ್ದರೆ ಅನ್ಯಾಯ. ನಿನ್ನ ಅಪ್ಪನ ಮಟ್ಟಿಗೆ ನನಗೊಂದು ಗುರುತಿತ್ತು. ಮಾತು ತಪ್ಪಿದರೆ ಅವರ ಬಲಗೈ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಿತ್ತು, ಸುಣ್ಣ ತಿಕ್ಕಿದ ಹಾಗೆ. ಅವರಿಗೇ ಅದು ಗೊತ್ತಿರಲಿಲ್ಲ. ನನಗೆ ಮಾತ್ರ ಗೊತ್ತಿತ್ತು.

ಇದನ್ನು ಯಾಕೆ ಹೇಳಿದೆನೆಂದರೆ, ನೀನು ದಯೆಯಿಂದ "ಕಾಕಾಗ ಅದು ನಟನಾ ಅಂತ ಅನಿಸಿರಬೇಕು" ಎಂದುಕೊಳ್ಳಬಾರದು. ಆ ದಿನ ನಾನು ಹೆಬ್ಬೆರಳನ್ನು ನೋಡಿದ್ದೆ.

ಆ ಕೊನೆಯ ಸಿನಿಮಾಕ್ಕೆ ಹೊರಡುವ ಮೊದಲು ಬೆಳಗಾವಿ ಖಾಸಬಾಗದ ನಿಮ್ಮ ಮನೆಯಲ್ಲಿ ನೀನು ನನ್ನನ್ನು ಹಿತ್ತಲಿಗೆ ಕರೆದದ್ದು ನೆನಪಿದೆಯೇ? ಒಳಗೆ ಅವರು ಚೀಲ ಕಟ್ಟುತ್ತಿದ್ದರು. ನೀನು ಅಂದೆ —

"ಕಾಕಾ, ಮೊನ್ನಿ ಅಪ್ಪಾ ಬಜಾರದಿಂದ ಮನಿಗೆ ಬರೂ ದಾರಿ ಯಾರನ್ನೋ ಕೇಳಿದ್ರಂತ. ನನಗ ಹೆದರಿಕಿ ಆಗೇತಿ. ನೀವು ಎರಡು ಶಬ್ದಾ ಹೇಳಿದ ಮ್ಯಾಲೂ ಮಾತು ಬರಲಿಲ್ಲ ಅಂದ್ರ, ಅವತ್ತ ನನಗ ಫೋನ್ ಮಾಡ್ರಿ. ಸಿನಿಮಾ ಹಾಳಾದ್ರ ಹಾಳಾಗವಲ್ತ್ಯಾಕ, ನಾ ಬಂದು ದವಾಖಾನಿಗಿ ಕರ್ಕೊಂಡು ಹೋಗ್ತೀನಿ."

ಮಾಡ್ತೀನವ್ವಾ ಎಂದೆ. ಹಾಗನ್ನುವಾಗ ಮನಸ್ಸಿನಲ್ಲಿ ಕಪಟವಿರಲಿಲ್ಲ.

ಶೂಟಿಂಗ್ ಖಾನಾಪುರ ತಾಲೂಕಿನಲ್ಲಿ. ನಾವು ಉಳಿದುಕೊಂಡದ್ದು ನಂದಗಡದಲ್ಲಿ, ಚಿತ್ರೀಕರಣಕ್ಕೆ ಹಿಡಿದ ಹಳೇ ದೊಡ್ಡ ಮನೆ, ಆ ವಾಡೆ, ಬೀಡಿಯಲ್ಲಿ. ಅಣ್ಣನ ಮೇಲೆ ಹೊಲದ ದಾವೆ ಹೂಡಿ ಗೆದ್ದ ತಮ್ಮನ ಪಾತ್ರ ಅವರದು. ಅಣ್ಣ ಸತ್ತ ಸುದ್ದಿ ಕೇಳಿ, ಎಷ್ಟೋ ವರ್ಷದ ನಂತರ ಆ ಮನೆಯ ಹೊಸ್ತಿಲಿಗೆ ಬರುತ್ತಾನೆ. ಅತ್ತಿಗೆ ಬಾಗಿಲಲ್ಲಿ ನಿಂತಿದ್ದಾಳೆ. ಅವನು ಆಡಬೇಕಾದದ್ದು ಒಂದೇ ಮಾತು: "ವೈನೀ, ಹೊಲಾ ಗೆದ್ನಿ, ಅಣ್ಣನ್ನ ಕಳಕೊಂಡ್ನಿ." ಬೆಳಗಿನಿಂದ ಹತ್ತು ಸಲ ಹೇಳಿ ನೋಡಿದ್ದರು. ನಾನು ಅತ್ತಿಗೆಯ ಪಾತ್ರದವಳ ಹಿಂದೆ, ಒಳಕೋಣೆಯ ಕತ್ತಲಲ್ಲಿ ಭತ್ತದ ಚೀಲದ ಮೇಲೆ ಕುಳಿತಿದ್ದೆ.

ಶಾಟ್ ಶುರುವಾಗುವ ಮೊದಲು ಆ ಎಳೆಯ ನಿರ್ದೇಶಕ ತನ್ನವರಿಗೆ "ಸರ್ ನೆನಪು ನೋಡ್ರಿ, ಈ ವಯಸ್ಸಿಗೂ ಒಂದಕ್ಷರ ತಪ್ಪಂಗಿಲ್ಲ" ಎಂದ. ನಿನ್ನ ಅಪ್ಪ ಸಣ್ಣಗೆ ನಕ್ಕರು. ನನ್ನ ಕಡೆ ನೋಡಲಿಲ್ಲ. ಅದರಿಂದ ನನಗೆ ಉರಿಯಿತೇ? ಸ್ವಲ್ಪ ಉರಿದಿರಬಹುದು. ಆದರೆ ಅಂಥ ನಗೆಯನ್ನು ನಾನು ಎಷ್ಟೋ ವರ್ಷ ನೋಡಿ ನುಂಗಿದವನು, ತಪ್ಪನ್ನು ಅದರ ಮೇಲೆ ಹೊರಿಸಲು ಮನಸ್ಸು ಒಪ್ಪುವುದಿಲ್ಲ. ನನ್ನೊಳಗೆ ಇದ್ದದ್ದು ಬೇರೆ. ಈ ಮನುಷ್ಯನ ಬಾಯಿಗೆ ಇಷ್ಟು ವರ್ಷ ಮಾತು ಇಟ್ಟವನು ನಾನು — ನಾನು ಇಡದಿದ್ದರೆ ಒಳಗೆ ಏನಿದೆ? ಏನಾದರೂ ಇದೆಯೇ? ಇದು ನನ್ನನ್ನು ಹರೆಯದಿಂದ ಕಾಡಿದ ಪ್ರಶ್ನೆ. ಕೇಳಿ ತಿಳಿದುಕೊಳ್ಳುವಂಥದ್ದಲ್ಲ ನೋಡು. ನೋಡಿಯೇ ತಿಳಿಯಬೇಕು.

ಅವರು ಅಂಗಳ ದಾಟಿ ಬಂದರು. ಚಪ್ಪಲಿ ಬಿಟ್ಟರು. ಹೊಸ್ತಿಲ ಮುಂದೆ ನಿಂತರು. ಹೆಬ್ಬೆರಳು ಆಡತೊಡಗಿತು.

"ವೈನೀ, ಹೊಲಾ —" ಎರಡೇ ಶಬ್ದ. ಉಸಿರು ತೆಗೆದುಕೊಂಡೆ. ಬಿಡಲಿಲ್ಲ.

ಮೊದಲು ಅವರು ಕಾದರು, ಎಂದಿನಂತೆ, ನೆಮ್ಮದಿಯಿಂದ. ಬರುತ್ತದೆ ಎಂದು ಗೊತ್ತಿದ್ದವರ ನೆಮ್ಮದಿ. ಆಮೇಲೆ ಕಣ್ಣು ಅತ್ತಿಗೆಯ ಮುಖ ಬಿಟ್ಟು, ಅವಳ ಹೆಗಲ ಮೇಲಿಂದ ಒಳಗಿನ ಕತ್ತಲಿಗೆ ಬಂತು. ನನ್ನನ್ನು ಹುಡುಕಿತು. ನಾನು ಸಿಕ್ಕೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಆ ಮುಖದಲ್ಲಿ ಒಂದೊಂದಾಗಿ ಬಂದು ಹೋದವು — ಮೊದಲು ಅಚ್ಚರಿ, ಆಮೇಲೆ ಹೆದರಿಕೆ, ಸಂತೆಯಲ್ಲಿ ಕೈ ತಪ್ಪಿದ ಮಗುವಿಗೆ ಆಗುವಂಥ ಹೆದರಿಕೆ. ಕೊನೆಗೆ ಏನೋ ಒಂದು ಇಳಿದುಹೋಯಿತು. ಕೈ ಮುಗಿದರು. ಹೊಸ್ತಿಲ ಹೊರಗೇ ಕುಸಿದು ಕುಳಿತರು.

ನಾನು ಅಷ್ಟೂ ಹೊತ್ತು ನೋಡಿದೆ. ರೆಪ್ಪೆ ಬಡಿಯದೆ ನೋಡಿದೆ, ಸುನಂದಾ. ಅಯ್ಯೋ ಅನ್ನಿಸಿದ್ದು ಆಮೇಲೆ.

ನಿರ್ದೇಶಕ ಕೂಗಿಕೊಂಡು ಓಡಿಬಂದು ಅವರ ಕಾಲಿಗೆ ಬಿದ್ದ. ಮಾತೇ ಬೇಡ ಸರ್, ಇದೇ ಇರಲಿ ಎಂದ. ಈಗ ಜನ ಅದನ್ನೇ ಅವರ ಬದುಕಿನ ಅತಿ ದೊಡ್ಡ ಅಭಿನಯ ಎನ್ನುತ್ತಾರೆ. ಸತ್ತ ಅಣ್ಣನನ್ನು ಮನೆಯ ಕತ್ತಲಲ್ಲಿ ಹುಡುಕಿದ ಕಣ್ಣು ಎಂದು ಪೇಪರಿನಲ್ಲಿ ಬರೆದರು. ಕತ್ತಲಲ್ಲಿ ಇದ್ದವನು ನಾನು.

ಎಲ್ಲರೂ ಊಟಕ್ಕೆ ಎದ್ದ ಮೇಲೆ ಅವರು ಎರಡು ಕಪ್ ಚಹಾ ಹಿಡಿದುಕೊಂಡು ಕಟ್ಟೆಗೆ ಬಂದರು. ಬಯ್ಯುತ್ತಾರೆ ಎಂದುಕೊಂಡೆ. ಬಯ್ದಿದ್ದರೆ ಚೆನ್ನಾಗಿತ್ತು.

"ರುದ್ರ್ಯಾ, ಮರತಿದ್ದ್ಯೇನೋ?" ಎಂದರು, ಯಾರಿಗೂ ಕೇಳದ ಹಾಗೆ.

ನಾನು "ಹೂನ್ರಿ ಅಣ್ಣಾ" ಎಂದೆ.

"ಇರ್ಲಿ ತಗೊ. ನಾ ಯಾರ ಮುಂದೂ ಹೇಳಂಗಿಲ್ಲ. ನಾ ಹೆಂಗೋ ನಡಸಿದ್ನಿ." ಚಹಾ ನನ್ನ ಕೈಗಿಟ್ಟರು. ತಮ್ಮದನ್ನು ಒಂದು ಗುಟುಕು ಕುಡಿದು ಕೇಳಿದರು, "ಆ ಮಾತು ಏನಿತ್ತೋ?"

ಹೇಳಿದೆ. ಇಡೀ ಮಾತು ಹೇಳಿದೆ. ಅವರು ಅದನ್ನು ಎರಡು ಸಲ ತಾವೇ ಅಂದುಕೊಂಡರು. "ಚಲೋ ಐತಿ. ಯಾರು ಬರದಾರ?" ಎಂದರು. ಬೆಳಗಿನಿಂದ ಹತ್ತು ಸಲ ಆಡಿದ ಮಾತನ್ನು ಆಗಷ್ಟೇ ಮೊದಲ ಸಲ ಕೇಳುತ್ತಿದ್ದವರಂತೆ.

ನೀನು ಫೋನ್ ಮಾಡಿರಿ ಎಂದದ್ದು ಇದಕ್ಕೇ. ಕಟ್ಟೆಯ ಮೇಲೆ ಕುಳಿತೇ ನನಗೆ ಅದು ತಿಳಿಯಿತು, ಫೋನು ನನ್ನ ಜೇಬಿನಲ್ಲೇ ಇತ್ತು. ಆದರೆ ಫೋನ್ ಮಾಡಿದರೆ ನೀನು ಕೇಳುತ್ತಿದ್ದೆ — ಎರಡು ಶಬ್ದ ಹೇಳಿದಿರೇನು ಕಾಕಾ? ಆಗ ಏನು ಹೇಳಲಿ? ನಾಳೆ ಮಾಡೋಣ ಎಂದುಕೊಂಡೆ. ಮರುದಿನ ಅವರು ಚೆನ್ನಾಗಿದ್ದರು, ನಾನು ಮಾತು ಕೊಟ್ಟೆ, ಅವರು ಆಡಿದರು. ಅದರ ಮರುದಿನವೂ. ಐದನೆಯ ದಿನ ಬೆಳಿಗ್ಗೆ ನಂದಗಡದಲ್ಲಿ ಮುಖಕ್ಕೆ ಬಣ್ಣ ಹಚ್ಚಿಸಿಕೊಳ್ಳುತ್ತ ಕುಳಿತವರು ಹಾಗೆಯೇ ಬದಿಗೆ ವಾಲಿದರು.

ಬೆಳಗಾವಿಯ ದವಾಖಾನೆಯಲ್ಲಿ ಡಾಕ್ಟರು ನಮ್ಮಿಬ್ಬರನ್ನೂ ನಿಲ್ಲಿಸಿ ಕೇಳಿದರು. ಮೆದುಳಿನ ರಕ್ತನಾಳ ಮೊದಲೇ ಸಣ್ಣದಾಗಿ ಕಟ್ಟಿಕೊಂಡಂತಿದೆ, ಈ ವಾರದಲ್ಲಿ ಏನಾದರೂ ಲಕ್ಷಣ ಕಂಡಿತ್ತೇ, ಒಮ್ಮೆಗೇ ಏನನ್ನಾದರೂ ಪೂರಾ ಮರೆತದ್ದು? ನೀನು ನನ್ನ ಕಡೆ ತಿರುಗಿ "ಕಾಕಾ?" ಅಂದೆ. ನಾನು "ಇಲ್ಲವ್ವಾ" ಎಂದೆ. ಮೊದಲೇ ಕರೆತಂದಿದ್ದರೆ ಉಳಿಯುತ್ತಿದ್ದರೋ ಏನೋ. ನನಗೆ ಗೊತ್ತಿಲ್ಲ. ಡಾಕ್ಟರಿಗೂ ಗೊತ್ತಿಲ್ಲ. ಆ ಗೊತ್ತಿಲ್ಲದಿರುವುದನ್ನು ನಿನಗೆ ಕೊಟ್ಟವನು ಮಾತ್ರ ನಾನು. ಮೂರನೆಯ ದಿನ ಅವರು ಹೋದರು.

ಕರ್ಮಗಳೆಲ್ಲ ಮುಗಿದ ಮೇಲೆ ನೀನು ನನ್ನ ಎದುರು ಕುಳಿತು ಹೇಳಿದ್ದನ್ನು ನಾನು ನಿರೀಕ್ಷಿಸಿರಲೇ ಇಲ್ಲ. ಬೀಡಿಯ ಆ ಶಾಟ್ ಆದ ಸಂಜೆ ಅಪ್ಪ ನಿನಗೆ ಫೋನ್ ಮಾಡಿದ್ದರು.

"ಅಪ್ಪಾ ಏನಂದ್ರು ಗೊತ್ತೇನ್ರಿ ಕಾಕಾ? ರುದ್ರ್ಯಾಗ ಮರವು ಸುರು ಆಗೇತಿ, ಅವಂಗ ಹಿಂದಿಲ್ಲ ಮುಂದಿಲ್ಲ, ಸಿನಿಮಾ ಮುಗದ ಕೂಡ್ಲೆ ನೀ ಡಾಕ್ಟರಿಗಿ ತೋರಸು ಅಂದ್ರು. ಅದ ನನ್ನ ಕೂಡ ಅವರು ಆಡಿದ ಕಡೀ ಮಾತು."

ಅಂದೇ ಹೇಳಬೇಕಿತ್ತು. ನೀನು ಅಳುತ್ತಿದ್ದೆ, ನಾನು ಸುಮ್ಮನಿದ್ದೆ — ಸುಮ್ಮನಿರುವುದು ಆ ಹೊತ್ತಿಗೆ ನನಗೆ ಅಭ್ಯಾಸವಾಗಿಬಿಟ್ಟಿತ್ತು.

ಅಂದಿನಿಂದ ಎರಡು ತಿಂಗಳಿಗೊಮ್ಮೆ ಆಫೀಸಿಗೆ ಅರ್ಧ ದಿನ ರಜೆ ಹಾಕಿ, ಸ್ಕೂಟರಿನ ಹಿಂದೆ ನನ್ನನ್ನು ಕೂರಿಸಿಕೊಂಡು ಡಾಕ್ಟರ ಹತ್ತಿರ ಹೋಗುತ್ತೀ. ಇಂದು ಯಾವ ವಾರ? ನೂರರಲ್ಲಿ ಏಳು ಕಳೆಯಿರಿ, ಮತ್ತೆ ಏಳು ಕಳೆಯಿರಿ. ಗಡಿಯಾರ ಬರೆಯಿರಿ. ನಾನು ಎಲ್ಲವನ್ನೂ ಸರಿಯಾಗಿ ಹೇಳುತ್ತೇನೆ. ಗುಳಿಗೆ ಗುಣ ಕೊಡುತ್ತಿದೆ ಎಂದು ನೀನು ಹಿಗ್ಗುತ್ತೀ. ಇನ್ನೊಂದು ಇದೆ, ಬರೆಯದೆ ಬಿಟ್ಟರೆ ಇದೆಲ್ಲ ಬರೆದೂ ದಂಡ. ಹೋದ ವರ್ಷ ಡಾಕ್ಟರು ಇನ್ನು ಬರುವ ಅಗತ್ಯವಿಲ್ಲವೇನೋ ಎಂದರಲ್ಲ, ಮುಂದಿನ ಸಲ ನಾನು ಗಡಿಯಾರದ ಮುಳ್ಳನ್ನು ಬೇಕೆಂದೇ ತಪ್ಪು ಬರೆದೆ. ನೀನು ಬರುವುದು ನಿಂತುಹೋಗುತ್ತದೆ ಎಂದು. ಅಂದು ವಾಪಸು ಬಂದಾಗ ನೀನು ನನ್ನನ್ನು ಮನೆಯ ಮುಂದೆ ಇಳಿಸಿ "ನಾ ಅದೀನ್ರಿ ಕಾಕಾ" ಎಂದೆ.

ಆ ಸಿನಿಮಾವನ್ನು ನಾನು ಒಂಬತ್ತು ಸಲ ನೋಡಿದ್ದೇನೆ. ಅಷ್ಟು ಜನ ಅಳುವಾಗ ನಾನೊಬ್ಬ ಕುರ್ಚಿಯ ತುದಿಗೆ ಬಂದು ಕಣ್ಣು ಕಿರಿದು ಮಾಡಿ ನೋಡುತ್ತೇನೆ. ಕೊನೆಗೆ ಏನೋ ಇಳಿದುಹೋಯಿತು ಎಂದೆನಲ್ಲ — ಅದೇನು? ನಾನು ಬೇಕೆಂದೇ ಮಾಡುತ್ತಿದ್ದೇನೆ ಎಂದು ಅವರಿಗೆ ತಿಳಿಯಿತೇ? ತಿಳಿದೂ ಕಟ್ಟೆಯ ಮೇಲೆ ಚಹಾ ತಂದು ಕೊಟ್ಟರೇ? ನಿನಗೆ ಫೋನ್ ಮಾಡಿದ್ದು ನನ್ನ ಮರ್ಯಾದೆ ಉಳಿಸಲಿಕ್ಕೋ, ನಿಜವಾಗಿಯೂ ನನಗಾಗಿ ಹೆದರಿಯೋ? ಪರದೆಯ ಮೇಲೆ ಎದೆಯಿಂದ ಮೇಲಷ್ಟೇ ಕಾಣುತ್ತದೆ, ಕೈ ಮುಗಿಯುವವರೆಗೆ ಆ ಹೆಬ್ಬೆರಳು ಕಾಣುವುದಿಲ್ಲ. ಮುಖವಂತೂ ಒಂಬತ್ತು ಸಲವೂ ಬೇರೆಬೇರೆಯಾಗಿ ಕಂಡಿದೆ. ನನ್ನ ಹರೆಯದ ಪ್ರಶ್ನೆಗೆ ಉತ್ತರ ಮಾತ್ರ ಸಿಕ್ಕಿತು. ಮಾತು ತೆಗೆದರೆ ಆ ಮನುಷ್ಯನೊಳಗೆ ಏನಿದೆ? ಪಕ್ಕದವನು ಮರೆತನಲ್ಲಾ ಎಂಬ ಮರುಕ ಇತ್ತು. ನನ್ನೊಳಗೆ ಏನಿದೆ ಎಂಬುದೂ ಅದೇ ದಿನ ಗೊತ್ತಾಯಿತು.

ಬರುವ ಶುಕ್ರವಾರ ಆ ಸಿನಿಮಾ ತೋರಿಸಿ, ಅಪ್ಪನ ಆ ದೃಶ್ಯದ ಬಗ್ಗೆ ನನ್ನಿಂದ ನಾಲ್ಕು ಮಾತು ಆಡಿಸಬೇಕೆಂದು ನೀನು ಜನರನ್ನು ಕರೆದಿದ್ದೀ. ನಾನು ಅಲ್ಲಿ ಸುಳ್ಳು ಆಡಲಾರೆ. ಜನರ ಮುಂದೆ ನಿಜ ಹೇಳುವುದೋ ಬಿಡುವುದೋ ಅದು ನಿನ್ನ ಹಕ್ಕು, ನೀನು ಹೇಳು ಎಂದರೆ ಬಂದು ಹೇಳುತ್ತೇನೆ. ಗುಳಿಗೆಯನ್ನು ನಿಲ್ಲಿಸಿದ್ದೇನೆ. ಸ್ಕೂಟರು ತೆಗೆದುಕೊಂಡು ಬರಬೇಡ. ಡಾಕ್ಟರ ಹತ್ತಿರ ಕರೆದೊಯ್ಯಬೇಕಾಗಿದ್ದ ಮನುಷ್ಯ ನಾನಲ್ಲ, ಮತ್ತು ಅದು ಗೊತ್ತಿದ್ದವನು ನಾನೊಬ್ಬನೇ.

ಇದನ್ನು ಎದುರು ಕುಳಿತೇ ಹೇಳೋಣ ಎಂದು ನಿನ್ನೆ ಖಾಸಬಾಗದವರೆಗೆ ಬಂದಿದ್ದೆ. ನಿಮ್ಮ ಓಣಿಯ ತಿರುವಿನಲ್ಲಿ ನಿಂತಾಗ, ಕೇಳಿದರೆ ಇವಳ ಮುಖ ಹೇಗಾಗುತ್ತದೋ ಎಂದು ಒಳಗಿನಿಂದ ಒಂದು ತವಕ ಎದ್ದಿತು — ಭತ್ತದ ಚೀಲದ ಮೇಲೆ ಕುಳಿತಾಗ ಎದ್ದದ್ದೇ. ತಿರುಗಿ ನನ್ನ ಮನೆಗೆ ಬಂದುಬಿಟ್ಟೆ. ಅದಕ್ಕೇ ಬರೆದು ಟಪಾಲಿಗೆ ಹಾಕುತ್ತಿದ್ದೇನೆ. ನೀನು ಇದನ್ನು ಓದುವಾಗ ನಿನ್ನನ್ನು ಯಾರೂ ನೋಡುತ್ತಿರಬಾರದು.