ಅಯ್ಯನೋರ ವರ್ಗಾವಣೆ

ಹರಪನಹಳ್ಳಿಯಿಂದ ಗಂಡಿನವರು ನನ್ನನ್ನು ನೋಡಲು ಬಂದದ್ದು ಎಂಬತ್ತರ ದಶಕದಲ್ಲಿ. ಆಗ ನಾನು ಕೊಟ್ಟೂರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತ, ಸಂಜೆ ಅಲ್ಲಿನ ಲ್ಯಾಬಿನಲ್ಲಿ ಪಿಎಚ್.ಡಿ.ಗಾಗಿ ಉಪ್ಪು ಕರಗಿಸುತ್ತ ಕೂರುತ್ತಿದ್ದೆ. ಮೊದಲು ಬಂದಿದ್ದವರು ಸಂಶೋಧನೆಯ ಮಾತು ಕೇಳಿ, ಚಹಾ ಕುಡಿದು ಹೋದವರು ಮತ್ತೆ ಪತ್ತೆಯಾಗಲೇ ಇಲ್ಲ. ಅದಕ್ಕೇ ಅವ್ವ, "ಇವತ್ತರ ಬಾಯಿ ಮುಚ್ಕೊಂಡು ಕುಂದ್ರು," ಎಂದು ತಾಕೀತು ಮಾಡಿದ್ದಳು. ನನಗೆ ಮದುವೆಯೂ ಬೇಕಿತ್ತು, ಲ್ಯಾಬೂ ಬೇಕಿತ್ತು. ಒಂದನ್ನು ಬಿಡು ಎಂದರೆ ಮೈಯೆಲ್ಲ ಉರಿಯುತ್ತಿತ್ತು.

ಹುಡುಗ ಹಡಗಲಿಯಲ್ಲಿ ಹೈಸ್ಕೂಲು ಮಾಸ್ತರ. ಒಗ್ಗರಣೆ ಮಂಡಕ್ಕಿಯಲ್ಲಿ ಶೇಂಗಾ ಮಾತ್ರ ಹೆಕ್ಕಿ ತಿನ್ನುತ್ತಿದ್ದ. ಸುಳ್ಳೇಕೆ, ನೋಡಿದ ಕೂಡಲೇ ಇಷ್ಟವಾಗಿಬಿಟ್ಟ.

ಅವನ ಸೋದರತ್ತೆ ಕೇಳಿದರು: "ಏನ್ ಓದಾಕತ್ತೀಯವ್ವಾ?"

ಬಾಯಿ ತಡೆಯಲಿಲ್ಲ. "ಅಯಾನುಗಳ ವರ್ಗಾವಣೆ ರೀ."

"ಅಯ್ಯನೋರ ವರ್ಗಾವಣಿ?" ಮನೆಗೆ ಪೂಜೆಗೆ ಬರುವ ಅಯ್ಯನೋರನ್ನೇ ಊರಿಂದೂರಿಗೆ ಎತ್ತಿ ಹಾಕಿಸುವ ಹೆಣ್ಣು ಸಿಕ್ಕಿತೆಂದು ಅವರ ಮುಖ ಅರಳಿತು. "ಹಂಗಾರ ನಮ್ಮ ಹುಡುಗನ್ನೂ ಹಡಗಲಿ ಬಿಡಿಸಿ ಹರಪನಹಳ್ಳಿಗಿ ಹಾಕಿಸವ್ವಾ. ಅರ್ಜಿ ಕೊಟ್ಟು ಕೊಟ್ಟು ಸಾಕಾಗೇತಿ."

ಹುಡುಗನಿಗೆ ಶೇಂಗಾ ನೆತ್ತಿಗೇರಿತು. ನಾನೇ ನೀರು ತಂದುಕೊಟ್ಟೆ. ನಗು ಒಳಗೊಳಗೇ ಒದ್ದಾಡುತ್ತಿತ್ತು; ಇನ್ನು ಸುಮ್ಮನಿರುವುದು ನನ್ನ ಕೈಲಾಗಲಿಲ್ಲ.

"ಹಂಗಲ್ರಿ. ಉಪ್ಪು ನೀರಾಗ ಕರಗಿದಾಗ ಚೂರು ಚೂರಾಗ್ತೈತಿ, ಆ ಚೂರೇ ಅಯಾನು. ನೀರು ಅದನ್ನ ಸುತ್ತಲೂ ಗಟ್ಟಿ ಹಿಡಕೊಂಡಿರ್ತೈತಿ. ಅದು ಸ್ಪಿರಿಟ್ಟಿಗಿ ಹೋಗಬೇಕಂದ್ರ ಆ ಹಿಡಿತ ಬಿಡಿಸ್ಕೋಬೇಕು, ಅದಕ್ಕ ಶಕ್ತಿ ಬೇಕು. ಅಲ್ಲಿ ಸ್ಪಿರಿಟ್ಟು ಹಿಡಕೊಂಡಾಗ ಒಂದಿಷ್ಟು ಶಕ್ತಿ ವಾಪಸ್ ಬರ್ತೈತಿ. ಹೋಗಿದ್ದೆಷ್ಟು, ಬಂದಿದ್ದೆಷ್ಟು, ಅದನ್ನ ನೋಡ್ತೀನ್ರಿ."

"ಅಯ್ಯನೋರು ಉಪ್ಪಿನಾಗ ಯಾಕ ಇರ್ತಾರ?" ಎಂದರು ಅತ್ತೆ.

ಅವ್ವ ಕಣ್ಣು ಮುಚ್ಚಿಕೊಂಡಳು. ನನಗೆ ಮಾತ್ರ ಹುರುಪು ಏರಿಬಿಟ್ಟಿತ್ತು. "ಖರೇ ಫಜೀತಿ ಬ್ಯಾರೇನ ಐತ್ರಿ. ಒಂದ ಅಯಾನು ಒಂಟಿ ಹೋಗಂಗಿಲ್ಲ, ಜೋಡಿಲೆ ಹೋಗಬೇಕು. ಇಬ್ಬರದೂ ಕೂಡಿ ಎಷ್ಟಾತು ಅಂತ ಲೆಕ್ಕ ಸಿಗ್ತೈತಿ. ಯಾರಿಗೆಷ್ಟು ತ್ರಾಸಾತು ಅನ್ನೋದು ಸಿಗಂಗಿಲ್ಲ."

ಹುಡುಗ ಮೊದಲ ಸಲ ಬಾಯಿ ಬಿಟ್ಟ. "ಸಿಗದಿದ್ರ ಏನ್ ಮಾಡ್ತೀರಿ?"

"ಎರಡೂ ಅಯಾನು ಹೆಚ್ಚುಕಡಿಮಿ ಒಂದ ಗಾತ್ರ ಇರೋ ಉಪ್ಪು ಹುಡುಕ್ತೀವ್ರಿ. ಇಬ್ಬರಿಗೂ ಸರಿಸಮ ತ್ರಾಸು ಅಂತ ಇಟ್ಕೋತೀವಿ."

"ಅಂದ್ರ ಅಂದಾಜು?"

"ಅಂದಾಜ ರೀ."

ಅವನು ಮಂಡಕ್ಕಿ ತಟ್ಟೆ ಕೆಳಗಿಟ್ಟ. ಇದೂ ಹೋಯಿತು ಎಂದುಕೊಂಡೆ. ಆಮೇಲೆ ಅವನು ಸೋದರತ್ತೆಯ ಕಡೆ ತಿರುಗಿ, "ಅತ್ತೀ, ಹರಪನಹಳ್ಳಿ ಬ್ಯಾಡ. ಅರ್ಜಿಯಾಗ ಕೊಟ್ಟೂರು ಅಂತ ಬರೀತೀನಿ. ಇವರ ಲ್ಯಾಬು ಇಲ್ಲೇ ಐತಲ್ಲ," ಎಂದ.

"ಆಕಿ ಇನ್ನೂ ಹೂಂ ಅಂದಿಲ್ಲಲ್ಲೋ," ಎಂದರು ಅತ್ತೆ.

ನನ್ನನ್ನು ಯಾರೂ ಕೇಳಿರಲೇ ಇಲ್ಲ. ನಾನು ಹೂಂ ಎಂದುಬಿಟ್ಟೆ.